ಕಾನೂನು ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರದಲ್ಲಿ ನಿಜಕ್ಕೂ ಏನು ನಡೆಯುತ್ತದೆ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ. ಮಗಳು ಈ ವರ್ಷ ಮೂರು ವರ್ಷದ ಎಲ್‌ಎಲ್‌.ಬಿ. ಮುಗಿಸಿದಳು. ಪರೀಕ್ಷೆಗಳನ್ನೆಲ್ಲ ಕನ್ನಡದಲ್ಲೇ ಬರೆದಿದ್ದಾಳೆ. ಈಗ ಎಲ್‌ಎಲ್‌.ಎಂ. (ಕಾನೂನಿನ ಸ್ನಾತಕೋತ್ತರ ಪದವಿ) ಮಾಡುವ ಆಸೆ. ಎರಡು ಕಡೆಯ ಪ್ರಾಸ್ಪೆಕ್ಟಸ್ ನೋಡಿದೆವು. ಒಂದರಲ್ಲಿ ಹದಿನಾಲ್ಕು 'ವಿಶೇಷ ಸಂಶೋಧನಾ ಕೇಂದ್ರಗಳು' ಇವೆ ಎಂದು ದೊಡ್ಡದಾಗಿ ಹಾಕಿದ್ದಾರೆ. ಇನ್ನೊಂದರಲ್ಲಿ ಮೂರೇ ಇವೆ. ಹದಿನಾಲ್ಕು ಇರುವ ಕಡೆ ಫೀಸು ಜಾಸ್ತಿ. ಈ ಕೇಂದ್ರಗಳೆಂದರೆ ಏನು? ಅಲ್ಲಿ ನಿಜಕ್ಕೂ ಏನು ನಡೆಯುತ್ತದೆ? ಅದಕ್ಕಾಗಿ ಜಾಸ್ತಿ ದುಡ್ಡು ಕೊಡಬಹುದೇ? ಕನ್ನಡದಲ್ಲಿ ಓದಿದವಳಿಗೆ ಅಲ್ಲಿ ಜಾಗ ಸಿಗುತ್ತದೆಯೇ?

ಉತ್ತರ: ಗುರುಗಳೇ, ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಸೀಟು, ರ‍್ಯಾಂಕು, ಸಂಬಳದ ಬಗ್ಗೆ ಬಹಳ ಜನ ಕೇಳುತ್ತಾರೆ. ಒಳಗೆ ಏನು ನಡೆಯುತ್ತದೆ ಎಂದು ಕೇಳುವವರು ಕಡಿಮೆ. ನಾನು ಕಾನೂನು ಪಾಠ ಮಾಡಿಕೊಂಡು ಬಂದವನು. ಅದರಲ್ಲಿ ಒಂಬತ್ತು ವರ್ಷ ಇಂಥದೇ ಒಂದು ಕೇಂದ್ರದಲ್ಲಿ ಕೆಲಸ ಮಾಡಿದ್ದೇನೆ. ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಜಾಗ ಸಿಗುತ್ತದೆ. ನಿಮ್ಮ ಮಗಳು ಮಾಡಬಲ್ಲ ಒಂದು ಕೆಲಸ ಅಲ್ಲಿರುವ ಬಹಳ ಜನರ ಕೈಲಿ ಆಗುವುದಿಲ್ಲ. ಅದು ಯಾವುದು ಎಂಬುದು ಅರ್ಥವಾಗಬೇಕಾದರೆ ಕೇಂದ್ರದ ಒಳಗೆ ಸ್ವಲ್ಪ ಹೊತ್ತು ಕೂತು ನೋಡಬೇಕು.

ಮೊದಲು ಆ ಹದಿನಾಲ್ಕರ ಲೆಕ್ಕ. ಪ್ರಾಸ್ಪೆಕ್ಟಸ್‌ನಲ್ಲಿ 'ಕೇಂದ್ರ' ಎಂದು ಹಾಕಿರುವುದೆಲ್ಲ ಒಂದೇ ಬಗೆಯದ್ದಲ್ಲ. ಕಾನೂನು ನೆರವು ಕ್ಲಿನಿಕ್ ಪ್ರತಿ ಕಾನೂನು ಕಾಲೇಜಿನಲ್ಲೂ ಇರಲೇಬೇಕು. ಬಾರ್ ಕೌನ್ಸಿಲ್‌ನ 2008ರ ಕಾನೂನು ಶಿಕ್ಷಣ ನಿಯಮಗಳು ಹಾಗೆ ಹೇಳುತ್ತವೆ. ಒಂದು ವರ್ಷದ ಎಲ್‌ಎಲ್‌.ಎಂ. ನಡೆಸುವ ವಿಶ್ವವಿದ್ಯಾಲಯ ಸ್ನಾತಕೋತ್ತರ ಕಾನೂನು ಅಧ್ಯಯನ ಕೇಂದ್ರ ಎಂಬುದನ್ನು ಮಾಡಲೇಬೇಕು. ಅದು ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಷರತ್ತು. ಇವೆರಡೂ ನಿಯಮಕ್ಕಾಗಿ ಇರುವಂಥವು. ಮತ್ತೆ ಕೆಲವು 'ಪೀಠ'ಗಳಿರುತ್ತವೆ. ಸರ್ಕಾರದ ಯಾವುದೋ ಸಚಿವಾಲಯ ಒಂದು ವಿಷಯಕ್ಕೆ ಎಂದು ದುಡ್ಡು ಕೊಟ್ಟು ಒಬ್ಬ ಪ್ರಾಧ್ಯಾಪಕರನ್ನು ಕೂರಿಸಿರುತ್ತದೆ. ಬೌದ್ಧಿಕ ಆಸ್ತಿ ಪೀಠ, ಗ್ರಾಹಕ ಕಾನೂನು ಪೀಠ ಹೀಗೆ. ವಿದ್ಯಾರ್ಥಿಗಳೇ ನಡೆಸುವ ಚರ್ಚಾ ಕೂಟಗಳಿಗೂ ಈಗೀಗ ಕೇಂದ್ರ ಎಂದು ಹೆಸರಿಡುತ್ತಾರೆ. ಇವನ್ನೆಲ್ಲ ಕಳೆದರೆ ಉಳಿಯುವ ನಾಲ್ಕೋ ಐದೋ ನಿಜವಾದ ಸಂಶೋಧನಾ ಕೇಂದ್ರಗಳು. ಅವುಗಳಲ್ಲೂ ಕೆಲವಕ್ಕೆ ಬಾಗಿಲ ಮೇಲೆ ಬೋರ್ಡ್ ಇರುತ್ತದೆ, ಒಳಗೆ ಒಬ್ಬ ಮೇಷ್ಟ್ರು, ಒಂದು ಬೀರು ಇರುತ್ತದೆ. ಬೀರಿನ ಬೀಗದ ಕೈ ಯಾರ ಹತ್ತಿರ ಇದೆ ಎಂಬುದು ಆ ಮೇಷ್ಟ್ರಿಗೂ ಗೊತ್ತಿರುವುದಿಲ್ಲ.

ನಿಜವಾದ ಕೇಂದ್ರ ಒಂದೇ ಪ್ರಶ್ನೆಯನ್ನು ಹತ್ತು ವರ್ಷ ಬಿಡದೆ ಹಿಡಿದಿರುತ್ತದೆ. ಕ್ಲಾಸಿನ ಮೇಷ್ಟ್ರಿಗೆ ಅದು ಸಾಧ್ಯವಿಲ್ಲ. ಈ ಸೆಮಿಸ್ಟರ್ ಒಪ್ಪಂದ ಕಾನೂನು, ಮುಂದಿನ ಸೆಮಿಸ್ಟರ್ ಕಂಪನಿ ಕಾನೂನು. ವಕೀಲರಿಗೂ ಸಾಧ್ಯವಿಲ್ಲ. ಅವರಿಗೆ ತಮ್ಮ ಕಕ್ಷಿದಾರನ ಕೇಸು ಮುಗಿದರೆ ಮುಗಿಯಿತು. ಸರ್ಕಾರದ ಇಲಾಖೆಯಲ್ಲಿ ಅಧಿಕಾರಿ ವರ್ಗವಾಗಿ ಹೋಗುತ್ತಾರೆ. ಕಾನೂನು ಪುಸ್ತಕದಲ್ಲಿ ಹೇಳಿದ್ದು ಕೋರ್ಟ್ ಹಾಲಿನಲ್ಲಿ ನಡೆಯುತ್ತಿದೆಯೋ ಇಲ್ಲವೋ ಎಂದು ವರ್ಷಗಟ್ಟಲೆ ಕೂತು ನೋಡುವವರು ಯಾರೂ ಇರುವುದಿಲ್ಲ. ಆ ಖಾಲಿ ಜಾಗದಲ್ಲಿ ಈ ಕೇಂದ್ರಗಳು ಹುಟ್ಟಿದ್ದು.

ನಮ್ಮ ಬೆಂಗಳೂರಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆ ಕರ್ನಾಟಕ ವಿಧಾನಮಂಡಲ 1986ರಲ್ಲಿ ಮಾಡಿದ ಕಾಯ್ದೆಯಿಂದ ಹುಟ್ಟಿತು. ಮೊದಲ ತಂಡ ಒಳಗೆ ಬಂದಿದ್ದು 1988ರಲ್ಲಿ. ಸ್ಥಾಪಕ ನಿರ್ದೇಶಕರು ಎನ್. ಆರ್. ಮಾಧವ ಮೆನನ್. ಕಾನೂನನ್ನು ಪುಸ್ತಕದಿಂದ ಮಾತ್ರ ಕಲಿಸಲಾಗುವುದಿಲ್ಲ, ಜನರ ನಡುವೆ ಕಲಿಸಬೇಕು ಎಂದು ಅವರು ಹಟ ಹಿಡಿದವರು. 1990ರ ದಶಕದಲ್ಲಿ ಅಲ್ಲಿ ಮಕ್ಕಳು ಮತ್ತು ಕಾನೂನು ಕೇಂದ್ರ ಶುರುವಾಯಿತು, ಪರಿಸರ ಕಾನೂನಿಗೆ ಇನ್ನೊಂದು ಕೇಂದ್ರ ಶುರುವಾಯಿತು. ಆಮೇಲೆ ಸಾಮಾಜಿಕ ಬಹಿಷ್ಕಾರ ಮತ್ತು ಒಳಗೊಳ್ಳುವ ನೀತಿಗಳ ಅಧ್ಯಯನ ಕೇಂದ್ರ ಬಂತು. ಅದು ಯುಜಿಸಿಯ ಯೋಜನೆಯಡಿ ದೇಶದ ಹಲವು ವಿಶ್ವವಿದ್ಯಾಲಯಗಳಲ್ಲಿ ಆದ ಕೇಂದ್ರಗಳಲ್ಲಿ ಒಂದು.

ಮಕ್ಕಳ ಕೇಂದ್ರದ ಒಂದು ಕೆಲಸ ಹೇಳಿದರೆ ನಿಮಗೆ ಎಲ್ಲ ಅರ್ಥವಾಗುತ್ತದೆ. 2012ರಲ್ಲಿ ಪೋಕ್ಸೊ ಕಾಯ್ದೆ ಬಂತಲ್ಲ, ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗೆ. ಆ ಕಾಯ್ದೆ ಒಳ್ಳೆಯ ಮಾತುಗಳನ್ನು ಬರೆದಿದೆ. ಕೋರ್ಟು ಪ್ರಕರಣ ಕೈಗೆತ್ತಿಕೊಂಡ 30 ದಿನದೊಳಗೆ ಮಗುವಿನ ಹೇಳಿಕೆ ದಾಖಲಾಗಬೇಕು. ಸಾಧ್ಯವಾದಷ್ಟೂ ಒಂದು ವರ್ಷದೊಳಗೆ ವಿಚಾರಣೆ ಮುಗಿಯಬೇಕು. ಸಾಕ್ಷಿ ಹೇಳುವಾಗ ಆರೋಪಿ ಮಗುವಿನ ಕಣ್ಣಿಗೆ ಬೀಳಬಾರದು. ವಕೀಲರು ಮಗುವಿಗೆ ನೇರವಾಗಿ ಪ್ರಶ್ನೆ ಹಾಕುವಂತಿಲ್ಲ, ನ್ಯಾಯಾಧೀಶರ ಮೂಲಕವೇ ಕೇಳಬೇಕು. ಇದೆಲ್ಲ ನಡೆಯುತ್ತಿದೆಯೇ? ಆ ಕೇಂದ್ರದವರು ದೆಹಲಿ, ಅಸ್ಸಾಂ, ಮಹಾರಾಷ್ಟ್ರ, ಕರ್ನಾಟಕ, ಆಂಧ್ರ ಪ್ರದೇಶ, ಈ ಐದು ಕಡೆಯ ವಿಶೇಷ ಕೋರ್ಟುಗಳ ತೀರ್ಪುಗಳನ್ನು ಒಂದೊಂದಾಗಿ ಓದಿದರು. ನ್ಯಾಯಾಧೀಶರು, ಪ್ರಾಸಿಕ್ಯೂಟರ್‌ಗಳು, ಪೊಲೀಸರ ಜೊತೆ ಮಾತಾಡಿದರು. ಮೊದಲ ವರದಿ 2016ರಲ್ಲಿ ಬಂತು, ಉಳಿದವು ಅದರ ಹಿಂದೆ.

ಕಂಡದ್ದು ಸುಲಭದ ವಿಷಯ ಆಗಿರಲಿಲ್ಲ. ಆರೋಪಿಗಳಲ್ಲಿ ಬಹಳ ಜನ ಮಗುವಿಗೆ ಗೊತ್ತಿರುವವರೇ. ದೂರು ಕೊಟ್ಟ ಮಗು, ಮಗುವಿನ ಮನೆಯವರು ಕೋರ್ಟಿನಲ್ಲಿ ಮೊದಲಿನ ಹೇಳಿಕೆ ಬದಲಿಸಿ ತಿರುಗಿಬೀಳುತ್ತಾರೆ. ಹದಿನಾರು ಹದಿನೇಳರ ಹುಡುಗಿ ಇಷ್ಟಪಟ್ಟು ಹೋದ ಪ್ರಕರಣಗಳೂ ಇದೇ ಕಾಯ್ದೆಯಡಿ ಬಂದು ಕೂತಿವೆ. ಈ ಕೊನೆಯ ವಿಷಯ ಆಮೇಲೆ ದೊಡ್ಡ ಚರ್ಚೆಯಾಯಿತು. 2022ರಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠ ಒಂದು ಪ್ರಕರಣದಲ್ಲಿ, ಒಪ್ಪಿಗೆಯ ವಯಸ್ಸಿನ ಬಗ್ಗೆ ಮತ್ತೆ ಯೋಚಿಸಿ ಎಂದು ಕಾನೂನು ಆಯೋಗಕ್ಕೆ ಹೇಳಿತು. ಆಯೋಗ 2023ರ ತನ್ನ 283ನೇ ವರದಿಯಲ್ಲಿ ವಯಸ್ಸು ಇಳಿಸುವುದು ಬೇಡ, ಆದರೆ ಇಂಥ ಪ್ರಕರಣಗಳಲ್ಲಿ ಶಿಕ್ಷೆ ವಿಧಿಸುವಾಗ ನ್ಯಾಯಾಧೀಶರಿಗೆ ಸ್ವಲ್ಪ ವಿವೇಚನೆ ಇರಲಿ ಎಂದಿತು. ಇದಕ್ಕೆ ನೀವು ಒಪ್ಪಬಹುದು, ಬಿಡಬಹುದು. ಆದರೆ ತೀರ್ಪುಗಳನ್ನು ಯಾರೋ ಕೂತು ಎಣಿಸಿರದಿದ್ದರೆ ಚರ್ಚೆ ಬರೀ ಅಭಿಪ್ರಾಯಗಳ ಜಗಳವಾಗಿ ಉಳಿಯುತ್ತಿತ್ತು.

ಈಗ ನಿಮ್ಮ ಮಗಳ ವಿಷಯಕ್ಕೆ ಬರುತ್ತೇನೆ.

ತೀರ್ಪು 'ಓದುವುದು' ಎಂದೆನಲ್ಲ, ಅದು ಹೇಗೆ ನಡೆಯುತ್ತದೆ ಗೊತ್ತಾ? ಒಂದು ದೊಡ್ಡ ಎಕ್ಸೆಲ್ ಹಾಳೆ. ಒಂದು ಪ್ರಕರಣಕ್ಕೆ ಒಂದು ಸಾಲು. ಅಡ್ಡಕ್ಕೆ ಮೂವತ್ತು ನಲವತ್ತು ಕಾಲಂ. ಎಫ್‌ಐಆರ್ ಆದ ದಿನ, ಚಾರ್ಜ್‌ಶೀಟ್ ಹಾಕಿದ ದಿನ, ಮಗು ಸಾಕ್ಷಿ ಹೇಳಿದ ದಿನ, ಆರೋಪಿ ಆ ಮಗುವಿಗೆ ಸಂಬಂಧದಲ್ಲಿ ಏನಾಗಬೇಕು, ವೈದ್ಯರ ಸಾಕ್ಷಿ ಆಗಿದೆಯೇ, ಪರಿಹಾರ ಕೊಡಿ ಎಂದು ಕೋರ್ಟು ಹೇಳಿದೆಯೇ. ಒಂದು ತೀರ್ಪಿಗೆ ಎರಡು ಗಂಟೆ ಬೇಕು. ಬೆನ್ನು ನೋಯುತ್ತದೆ, ಮನಸ್ಸೂ ನೋಯುತ್ತದೆ. ಮಗುವಿನ ಹೆಸರು, ಊರು, ಶಾಲೆ ಯಾವುದೂ ಹಾಳೆಗೆ ಬರಬಾರದು. ಕಾನೂನೇ ಅದನ್ನು ಬಿಡುವುದಿಲ್ಲ.

ಕರ್ನಾಟಕದ ಜಿಲ್ಲೆಗಳ ಈ ಕಡತಗಳು ಬಹುಪಾಲು ಯಾವ ಭಾಷೆಯಲ್ಲಿವೆ? ಕನ್ನಡದಲ್ಲಿ. ಎಫ್‌ಐಆರ್ ಕನ್ನಡ, ಮಹಜರು ಕನ್ನಡ, ಸಾಕ್ಷಿ ಹೇಳಿಕೆ ಕನ್ನಡ, ಎಷ್ಟೋ ತೀರ್ಪುಗಳೂ ಕನ್ನಡ. ಅದೂ ಕೋರ್ಟಿನ ಕನ್ನಡ. 'ಸದರಿ ಆರೋಪಿ', 'ನೊಂದ ಬಾಲಕಿ', 'ಪಿರ್ಯಾದಿದಾರರು', 'ಪ್ರಾ.ಸಾ.1'. ದೊಡ್ಡ ಊರಿನ ಕಾನೂನು ಶಾಲೆಗಳಲ್ಲಿ ಓದುವ ಮಕ್ಕಳು ಬುದ್ಧಿವಂತರು, ಇಂಗ್ಲಿಷ್ ಚೆನ್ನಾಗಿ ಬರೆಯುತ್ತಾರೆ. ಆದರೆ 'ಪಾಟಿ ಸವಾಲು' ಎಂದು ಬಂದ ಕೂಡಲೇ ನಿಂತುಬಿಡುತ್ತಾರೆ. ನನ್ನ ಜೊತೆ ಇದ್ದ ಒಬ್ಬ ಹುಡುಗ ಆ ಎರಡು ಪದಕ್ಕಾಗಿ ಅರ್ಧ ದಿನ ನಿಘಂಟು ಹುಡುಕಿದ. ಎದುರಾಳಿ ವಕೀಲರು ಸಾಕ್ಷಿಯನ್ನು ಪ್ರಶ್ನಿಸುವುದು ಎಂದು ನಿಮ್ಮ ಮಗಳಿಗೆ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ?

ಇನ್ನೊಂದು ಘಟನೆ ಹೇಳಲೇಬೇಕು. ಉತ್ತರ ಕರ್ನಾಟಕದ ಒಂದು ಜಿಲ್ಲೆಯಲ್ಲಿ ನಾವು ಕುಟುಂಬಗಳ ಜೊತೆ ಮಾತಾಡುತ್ತಿದ್ದೆವು. ಕೋರ್ಟಿಗೆ ಹೋಗಬೇಡಿ ಎಂದು ಒತ್ತಡ ಹಾಕಿದವರು ಯಾರು ಎಂಬುದು ನಮ್ಮ ಫಾರಂನ ಒಂದು ಪ್ರಶ್ನೆ. ಒಬ್ಬ ತಾಯಿ ಹೇಳಿದರು: 'ಮನಿ ಮಂದೀನ ಬ್ಯಾಡ ಅಂದ್ರು ರೀ.' ಬರೆದುಕೊಳ್ಳುತ್ತಿದ್ದ ಹುಡುಗಿಗೆ 'ಮಂದಿ' ಎಂಬುದಷ್ಟೇ ಕಿವಿಗೆ ಬಿತ್ತು. ಮಂದಿ ಎಂದರೆ ಜನ. ಹಾಗಾಗಿ 'ಊರಿನ ಜನ' ಎಂಬ ಚೌಕಕ್ಕೆ ಟಿಕ್ ಹಾಕಿದಳು. ತಾಯಿ ಹೇಳಿದ್ದು ತನ್ನ ಸ್ವಂತ ಮನೆಯವರ ಬಗ್ಗೆ. ಸಂಜೆ ಫಾರಂಗಳನ್ನು ತಿರುಗಿಸಿ ನೋಡುವಾಗ ನನಗೆ ಅನುಮಾನ ಬಂತು, ರೆಕಾರ್ಡಿಂಗ್ ಹಾಕಿ ಕೇಳಿದೆವು. ಅದೇ ತಪ್ಪು ಇನ್ನೂ ಆರು ಫಾರಂಗಳಲ್ಲಿ ಇತ್ತು. ಅದನ್ನು ಹಾಗೇ ಬಿಟ್ಟಿದ್ದರೆ ನಮ್ಮ ವರದಿ ಏನು ಹೇಳುತ್ತಿತ್ತು? ಊರಿನವರಿಂದ ಕುಟುಂಬಕ್ಕೆ ರಕ್ಷಣೆ ಬೇಕು ಎಂದು. ನಿಜವಾಗಿ ಬೇಕಿದ್ದದ್ದು ಮನೆಯೊಳಗೇ ಒಂಟಿಯಾದ ತಾಯಿಗೆ ಮತ್ತು ಮಗುವಿಗೆ ಆಸರೆ. ಒಂದು ಪದ ತಪ್ಪಿದರೆ ಶಿಫಾರಸೇ ಅಡ್ಡದಾರಿ ಹಿಡಿಯುತ್ತದೆ. ಹಾವೇರಿಯ ಹುಡುಗಿ ಆ ಫಾರಂ ಹಿಡಿದು ಕೂತಿದ್ದರೆ ಆ ತಪ್ಪು ಆಗುತ್ತಲೇ ಇರಲಿಲ್ಲ.

ಕಣ್ಣಿಟ್ಟು ನೋಡುವುದೂ ಅಷ್ಟೇ ಮುಖ್ಯ. ಒಂದು ಜಿಲ್ಲಾ ಕೋರ್ಟಿನಲ್ಲಿ ಮಗುವಿಗೂ ಆರೋಪಿಗೂ ನಡುವೆ ಹಸಿರು ಪರದೆ ಕಟ್ಟಿದ್ದರು. ನಮ್ಮ ಹಾಳೆಯಲ್ಲಿ 'ಪರದೆ ಇದೆಯೇ' ಎಂಬುದಕ್ಕೆ 'ಇದೆ' ಎಂದು ಬರೆದೆವು. ಆದರೆ ಆ ಮಗು ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಒಂದೂವರೆವರೆಗೆ ಹೊರಗಿನ ವರಾಂಡದಲ್ಲಿ ಕೂತಿತ್ತು. ಆರೋಪಿ ಅದೇ ವರಾಂಡದಲ್ಲಿ, ನಾಲ್ಕು ಹೆಜ್ಜೆ ದೂರದಲ್ಲಿ, ತನ್ನ ಕಡೆಯವರ ಜೊತೆ ಬೀಡಿ ಸೇದುತ್ತಾ ನಿಂತಿದ್ದ. ಒಳಗೆ ಹದಿನೈದು ನಿಮಿಷ ಪರದೆ, ಹೊರಗೆ ಎರಡೂವರೆ ಗಂಟೆ ಎದುರುಬದುರು. ಮಗು ಒಳಗೆ ಹೋಗಿ ಬಾಯಿ ಬಿಡಲಿಲ್ಲ. ಅವತ್ತು ರಾತ್ರಿ ನಾವು ಹಾಳೆಗೆ ಹೊಸ ಕಾಲಂ ಸೇರಿಸಿದೆವು: 'ಮಗು ಎಲ್ಲಿ ಕಾಯಿತು, ಎಷ್ಟು ಹೊತ್ತು ಕಾಯಿತು.' ಅಲ್ಲಿಂದ ಮುಂದೆ ಯಾವ ಕೋರ್ಟಿಗೆ ಹೋದರೂ ಮೊದಲು ವರಾಂಡ ನೋಡುವ ಅಭ್ಯಾಸವಾಯಿತು. ನನಗೆ ಕೇಂದ್ರದ ಕೆಲಸ ಎಂದರೆ ಈಗಲೂ ಕಣ್ಣಿಗೆ ಬರುವುದು ಆ ಕಾಲಂ.

ಇಂಥ ಕೆಲಸದಿಂದ ಕಾನೂನು ಬದಲಾಗುತ್ತದೆಯೇ? ಕೆಲವೊಮ್ಮೆ ಆಗುತ್ತದೆ, ಸುತ್ತಿ ಬಳಸಿ. ನಾಗರಬಾವಿಯ ಸಾಮಾಜಿಕ ಬಹಿಷ್ಕಾರ ಅಧ್ಯಯನ ಕೇಂದ್ರ 2013ರಲ್ಲಿ ಮೂಢನಂಬಿಕೆ ಆಚರಣೆಗಳನ್ನು ತಡೆಯುವ ಮಸೂದೆಯ ಕರಡು ಬರೆದು ರಾಜ್ಯ ಸರ್ಕಾರಕ್ಕೆ ಕೊಟ್ಟಿತು. ಎಷ್ಟು ಗಲಾಟೆಯಾಯಿತು ಎಂಬುದು ನಿಮಗೆ ನೆನಪಿರಬಹುದು. ಮಡೆಸ್ನಾನ, ಪಂಕ್ತಿಭೇದದ ಮಾತು ಟಿ.ವಿ. ಚರ್ಚೆಗಳಲ್ಲಿ ವಾರಗಟ್ಟಲೆ ನಡೆಯಿತು. ಕರಡು ಮೂಲೆ ಸೇರಿತು ಎಂದೇ ಎಲ್ಲರೂ ಅಂದುಕೊಂಡರು. ನಾಲ್ಕು ವರ್ಷದ ನಂತರ, 2017ರಲ್ಲಿ, ಬೇರೆ ಹೆಸರಿನಲ್ಲಿ, ಬಹಳ ಕತ್ತರಿ ಬಿದ್ದು, ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರದ ವಿರುದ್ಧದ ಕಾಯ್ದೆಯಾಗಿ ಅದು ವಿಧಾನಮಂಡಲದಲ್ಲಿ ಪಾಸಾಯಿತು. ಜಾರಿಗೆ ಬಂದಿದ್ದು 2020ರ ಜನವರಿಯಲ್ಲಿ. ಪ್ರದಕ್ಷಿಣೆ, ಯಾತ್ರೆ, ಹರಿಕಥೆ, ಭಜನೆ, ಜ್ಯೋತಿಷ್ಯ ಮತ್ತು ವಾಸ್ತು ಸಲಹೆಗೆ ಅದು ಅನ್ವಯಿಸುವುದಿಲ್ಲ ಎಂದು ಸ್ಪಷ್ಟವಾಗಿ ಬರೆದರು. ಎಂಜಲೆಲೆಯ ಮೇಲೆ ಉರುಳಿಸುವುದನ್ನು ನಿಷೇಧದ ಪಟ್ಟಿಯಲ್ಲಿ ಉಳಿಸಿಕೊಂಡರು. ಕರಡು ಬರೆದವರಿಗೆ ಪೂರ್ತಿ ಸಮಾಧಾನ ಆಗಿರಲಿಕ್ಕಿಲ್ಲ, ವಿರೋಧಿಸಿದವರಿಗೂ ಆಗಿರಲಿಕ್ಕಿಲ್ಲ. ಆದರೆ ಮೇಜಿನ ಮೇಲೆ ಒಂದು ಕರಡು ಇತ್ತು ಎಂಬ ಕಾರಣಕ್ಕೇ ಮಾತು ಮುಂದುವರಿಯಿತು ಎಂದು ನಾನು ನಂಬಿದ್ದೇನೆ.

ಸೋಲೂ ಆಗುತ್ತದೆ. ದೆಹಲಿಯ 2012ರ ಘಟನೆಯ ನಂತರ, 16ರಿಂದ 18 ವರ್ಷದ ಮಕ್ಕಳು ಘೋರ ಅಪರಾಧ ಮಾಡಿದರೆ ದೊಡ್ಡವರಂತೆ ವಿಚಾರಣೆ ಮಾಡಬಹುದು ಎಂಬ ಮಸೂದೆ ಬಂತು. ಮಕ್ಕಳ ಕೇಂದ್ರ ಅದನ್ನು ಕಾರಣ ಸಮೇತ ವಿರೋಧಿಸಿತು. ಸಂಸತ್ತಿನ ಸ್ಥಾಯಿ ಸಮಿತಿಯೂ ಆ ಬದಲಾವಣೆ ಬೇಡ ಎಂದಿತು. ಆದರೂ 2015ರ ಡಿಸೆಂಬರಿನಲ್ಲಿ ಅದು ಪಾಸಾಯಿತು. ಅದಕ್ಕೇ ಹೇಳುತ್ತೇನೆ, ವರದಿ ಬರೆದ ಕೂಡಲೇ ಲೋಕ ಬದಲಾಗುತ್ತದೆ ಎಂದು ನಂಬಿ ಯಾರೂ ಈ ಕೆಲಸಕ್ಕೆ ಬರಬಾರದು.

ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದಲ್ಲಿ ನಡೆದ ಇನ್ನೊಂದು ಕೆಲಸ ನನ್ನ ಮನಸ್ಸಿಗೆ ಬಹಳ ಹತ್ತಿರ. ಗಲ್ಲು ಶಿಕ್ಷೆಗೆ ಗುರಿಯಾದವರು ದೇಶದಲ್ಲಿ ಎಷ್ಟು ಜನ ಇದ್ದಾರೆ ಎಂಬುದಕ್ಕೇ ಸರಿಯಾದ ಲೆಕ್ಕ ಇರಲಿಲ್ಲ. ಅಲ್ಲಿನ ಅಧ್ಯಾಪಕರು, ವಿದ್ಯಾರ್ಥಿಗಳು ಜೈಲುಗಳಿಗೆ ಹೋದರು. ನಮ್ಮ ರಾಜ್ಯದಲ್ಲಿ ಅಂಥವರನ್ನು ಇಡುವುದು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ. ಒಟ್ಟು 385 ಕೈದಿಗಳ ಪಟ್ಟಿ ಸಿಕ್ಕಿತು, ಅದರಲ್ಲಿ 373 ಜನರನ್ನು ಕಂಡು ಮಾತಾಡಿದರು, ಅವರ ಮನೆಗಳಿಗೂ ಹೋದರು. 2016ರಲ್ಲಿ ವರದಿ ಬಂತು. ಮುಕ್ಕಾಲು ಪಾಲು ಜನ ಬಡವರು ಎಂಬುದು ಅದರಲ್ಲಿ ಅಂಕಿಯಾಗಿ ಕಂಡಿತು. ಆ ತಂಡ ಮುಂದೆ ಪ್ರಾಜೆಕ್ಟ್ 39ಎ ಎಂದು ಹೆಸರಾಯಿತು. ಸಂವಿಧಾನದ 39ಎ ವಿಧಿ ಉಚಿತ ಕಾನೂನು ನೆರವಿನ ಮಾತು ಹೇಳುತ್ತದೆ, ಹೆಸರು ಅಲ್ಲಿಂದ ಬಂದದ್ದು. 2022ರಲ್ಲಿ ಸುಪ್ರೀಂ ಕೋರ್ಟ್ ಮನೋಜ್ ಪ್ರಕರಣದಲ್ಲಿ ಒಂದು ಮುಖ್ಯ ಮಾತು ಹೇಳಿತು. ಗಲ್ಲು ವಿಧಿಸುವ ಮುನ್ನ ಆರೋಪಿಯ ಹಿನ್ನೆಲೆ, ಮಾನಸಿಕ ಸ್ಥಿತಿ, ಜೈಲಿನಲ್ಲಿ ನಡತೆ ಎಲ್ಲದರ ವಿವರ ವಿಚಾರಣಾ ಕೋರ್ಟಿನ ಹಂತದಲ್ಲೇ ಬರಬೇಕು ಎಂದಿತು. ಅಂಥ ವಿವರ ಕಲೆಹಾಕುವುದು ಹೇಗೆ ಎಂಬುದನ್ನು ಈ ತಂಡದವರು ಅಷ್ಟು ಹೊತ್ತಿಗೆ ವರ್ಷಗಳಿಂದ ಮಾಡಿ ಕಲಿತಿದ್ದರು.

ಈ ತಂಡ ಈಗ ದೆಹಲಿಯಲ್ಲಿ ಇಲ್ಲ. ಹೆಸರು ಬದಲಿಸಿಕೊಂಡು ಹೈದರಾಬಾದಿನ ನಲ್ಸಾರ್ ವಿಶ್ವವಿದ್ಯಾಲಯಕ್ಕೆ ಹೋಗಿದೆ. ಇದನ್ನು ಯಾಕೆ ಹೇಳಿದೆ ಎಂದರೆ, ಕೇಂದ್ರ ಎಂದರೆ ಕಟ್ಟಡ ಎಂದುಕೊಳ್ಳುತ್ತೇವೆ. ಕೆಲಸ ಗೊತ್ತಿರುವ ಏಳೆಂಟು ಜನ ಎದ್ದು ಹೋದರೆ ಕೇಂದ್ರವೂ ಅವರ ಹಿಂದೆ ಹೋಗುತ್ತದೆ. ಎಷ್ಟೋ ಕಡೆ ಬೋರ್ಡ್ ಮಾತ್ರ ಉಳಿದಿರುತ್ತದೆ, ಪ್ರಾಸ್ಪೆಕ್ಟಸ್‌ನಲ್ಲಿ ಹೆಸರೂ ಉಳಿದಿರುತ್ತದೆ.

ದುಡ್ಡಿನ ಕಥೆಯೂ ಇದಕ್ಕೇ ಅಂಟಿಕೊಂಡಿದೆ. ಕೇಂದ್ರದ ಮುಖ್ಯಸ್ಥರಿಗೆ ವಿಶ್ವವಿದ್ಯಾಲಯ ಸಂಬಳ ಕೊಡುತ್ತದೆ. ಉಳಿದವರದ್ದು ಯೋಜನೆಯ ದುಡ್ಡು. ಯೋಜನೆ ಮುಗಿದರೆ ನೌಕರಿಯೂ ಮುಗಿಯಿತು. ಯುಜಿಸಿ ಕೊಟ್ಟ ಸಾಮಾಜಿಕ ಬಹಿಷ್ಕಾರ ಅಧ್ಯಯನ ಕೇಂದ್ರಗಳಲ್ಲಿ 2017ರಲ್ಲಿ ಅನುದಾನ ನಿಲ್ಲುತ್ತದೆ ಎಂಬ ಭಯದಲ್ಲಿ ದೇಶದ ಎಷ್ಟೋ ಅಧ್ಯಾಪಕರು ತಿಂಗಳುಗಟ್ಟಲೆ ಕಳೆದರು. ಸರ್ಕಾರದ ಇಲಾಖೆಯೇ ದುಡ್ಡು ಕೊಟ್ಟು ಅಧ್ಯಯನ ಮಾಡಿಸಿದಾಗ ಇನ್ನೊಂದು ತೊಡಕಿದೆ. ಇಲಾಖೆಯ ತಪ್ಪು ಕಂಡರೆ ಬರೆಯಬಹುದೇ? ಒಳ್ಳೆಯ ಕೇಂದ್ರದವರು ವರದಿ ಪ್ರಕಟಿಸುವ ಹಕ್ಕು ನಮ್ಮದೇ ಎಂದು ಒಪ್ಪಂದದಲ್ಲೇ ಮೊದಲು ಬರೆಸಿಕೊಳ್ಳುತ್ತಾರೆ. ನಾವು ಒಂದು ಸಲ ಬರೆಸಿಕೊಂಡಿರಲಿಲ್ಲ. ಎರಡು ವರ್ಷದ ಕೆಲಸ, ವರದಿ ಇವತ್ತಿಗೂ ಹೊರಗೆ ಬಂದಿಲ್ಲ. ಆ ಕುಟುಂಬಗಳು ನಮ್ಮನ್ನು ನಂಬಿ ಮಾತಾಡಿದ್ದರು. ಅದು ನನಗೆ ಈಗಲೂ ಚುಚ್ಚುತ್ತದೆ.

ಬೇರೆ ದೇಶದ ಒಂದು ಉದಾಹರಣೆಯನ್ನೂ ಹೇಳುತ್ತೇನೆ, ಯಾಕೆಂದರೆ ಕಾನೂನನ್ನು ವೆಬ್‌ಸೈಟಿನಲ್ಲಿ ಪುಕ್ಕಟೆ ಓದಿದ್ದರೆ ಅದರ ಲಾಭ ನಿಮ್ಮ ಮಗಳೂ ಪಡೆದಿರಬಹುದು. ಅಮೆರಿಕದ ಕಾರ್ನೆಲ್ ಕಾನೂನು ಶಾಲೆಯಲ್ಲಿ 1992ರಲ್ಲಿ ಪೀಟರ್ ಮಾರ್ಟಿನ್, ಟಾಮ್ ಬ್ರೂಸ್ ಎಂಬ ಇಬ್ಬರು ಸೇರಿ ಒಂದು ಕೇಂದ್ರ ಮಾಡಿದರು. ಕಾನೂನಿನ ಪಠ್ಯ ಜನರಿಗೆ ಪುಕ್ಕಟೆ ಸಿಗಬೇಕು, ಇಷ್ಟೇ ಅವರ ಪ್ರಶ್ನೆ. ಆಗ ಇಂಟರ್ನೆಟ್ ಹೊಸದು. ವಿಂಡೋಸ್ ಇರುವ ಕಂಪ್ಯೂಟರಿನಲ್ಲಿ ವೆಬ್ ನೋಡಲು ಬ್ರೌಸರೇ ಇರಲಿಲ್ಲ. ವಕೀಲರ ಆಫೀಸುಗಳಲ್ಲಿ ಇದ್ದದ್ದು ವಿಂಡೋಸೇ. ಬ್ರೂಸ್ ಕೂತು ತಾವೇ ಒಂದು ಬ್ರೌಸರ್ ಬರೆದರು. ಚೆಲೊ ಅಂತ ಅದರ ಹೆಸರು, ಬಂದಿದ್ದು 1993ರಲ್ಲಿ. ಆಸ್ಟ್ರೇಲಿಯಾದ ಎರಡು ವಿಶ್ವವಿದ್ಯಾಲಯಗಳು ಸೇರಿ 1995ರಲ್ಲಿ ಅದೇ ದಾರಿ ಹಿಡಿದವು. ಕಾನೂನು ಯಾರ ಆಸ್ತಿ ಎಂಬ ಪ್ರಶ್ನೆಗೆ ಪುಸ್ತಕ ಬರೆಯದೆ, ಕೆಲಸ ಮಾಡಿ ಉತ್ತರ ಕೊಟ್ಟವರು ಇವರು.

ಕನ್ನಡದಲ್ಲಿ ನಮಗೆ ಇದರ ಕೊರತೆ ಬಹಳ ಇದೆ. ಹಾವೇರಿಯ, ಕೊಪ್ಪಳದ, ರಾಯಚೂರಿನ ಮಕ್ಕಳ ಬಗ್ಗೆ ಬರೆದ ವರದಿ ಇಂಗ್ಲಿಷಿನಲ್ಲಿ ಬರುತ್ತದೆ. ಮಾತಾಡಿದ ತಾಯಿ ಅದನ್ನು ಓದಲಾರಳು. ಅಂಗನವಾಡಿ ಟೀಚರ್, ಠಾಣೆಯ ಹೆಡ್ ಕಾನ್‌ಸ್ಟೆಬಲ್, ತಾಲ್ಲೂಕಿನ ವಕೀಲರು ಓದುವುದಿಲ್ಲ. ಕನ್ನಡದಲ್ಲಿ ನಾಲ್ಕು ಪುಟದ ಸಾರ ಹಾಕಿದರೂ ಸಾಕು ಎಂದು ನಾನು ಪ್ರತಿ ಸಭೆಯಲ್ಲೂ ಹೇಳುತ್ತಿದ್ದೆ. ಎಲ್ಲರೂ ಹೌದು ಹೌದು ಎನ್ನುತ್ತಿದ್ದರು. ಬರೆಯುವವರು ಯಾರು ಎಂದು ಕೇಳಿದರೆ ಸುಮ್ನಾಗುತ್ತಿದ್ದರು.

ಇನ್ನು ಹದಿನಾಲ್ಕೋ ಮೂರೋ ಎಂಬ ಪ್ರಶ್ನೆ. ಫೀಸು ಕಟ್ಟುವ ಮುಂಚೆ ಒಂದು ದಿನ ಎರಡೂ ಕಡೆ ಹೋಗಿ ಬನ್ನಿ. ಕಚೇರಿಯಲ್ಲಿ ವಿಚಾರಿಸಿ ಸುಮ್ನೆ ವಾಪಸ್ ಬರಬೇಡಿ, ಕೇಂದ್ರದ ಬಾಗಿಲಿಗೇ ಹೋಗಿ. ಕಳೆದ ಮೂರು ವರ್ಷದಲ್ಲಿ ಹೊರಬಂದ ವರದಿ ತೋರಿಸಿ ಎನ್ನಿ. ಸೆಮಿನಾರ್ ಬ್ಯಾನರಿನ ಫೋಟೋ ತೋರಿಸಿದರೆ ಅಲ್ಲಿಗೇ ಅರ್ಥಮಾಡಿಕೊಳ್ಳಿ. ವರದಿ ಇದ್ದರೆ ಕೊನೆಯ ಪುಟಗಳಲ್ಲಿ ವಿದ್ಯಾರ್ಥಿಗಳ ಹೆಸರು ಇದೆಯೇ ನೋಡಿ. ಇದ್ದರೆ ವಿದ್ಯಾರ್ಥಿಗಳು ಅಲ್ಲಿ ನಿಜವಾಗಿ ಕೆಲಸ ಮಾಡಿದ್ದಾರೆ. ಐದು ವರ್ಷದಿಂದ ಇರುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿ. ಮುಖ್ಯಸ್ಥರನ್ನು ಬಿಟ್ಟು, ಅಲ್ಲಿ ಕೂತಿರುವ ರಿಸರ್ಚ್ ಅಸೋಸಿಯೇಟ್‌ಗಳ ಜೊತೆ ಚಹಾ ಕುಡಿಯುತ್ತಾ ಹತ್ತು ನಿಮಿಷ ಮಾತಾಡಲಿ ನಿಮ್ಮ ಮಗಳು. ಕೆಲಸ ನಡೆಯುವ ಜಾಗದಲ್ಲಿ ಜನ ತಮ್ಮ ಕೆಲಸದ ಬಗ್ಗೆಯೇ ಮಾತಾಡುತ್ತಾರೆ. ಮೂರು ಕೇಂದ್ರಗಳಲ್ಲಿ ಒಂದಾದರೂ ಹೀಗಿದ್ದರೆ ಆ ಮೂರೇ ಸಾಕು. ಹದಿನಾಲ್ಕಕ್ಕಾಗಿ ಸಾಲ ಮಾಡಬೇಡಿ.

ಕೋರ್ಸು ಒಂದು ವರ್ಷದ್ದೋ ಎರಡು ವರ್ಷದ್ದೋ ನೋಡಿಕೊಳ್ಳಿ. ಒಂದು ವರ್ಷದ್ದಾದರೆ ಪರೀಕ್ಷೆ, ಪ್ರಬಂಧದ ನಡುವೆ ಉಸಿರಾಡಲು ಬಿಡುವಿರುವುದಿಲ್ಲ. ಕೇಂದ್ರದ ಜೊತೆ ಕೆಲಸ ಮಾಡಬೇಕೆಂದರೆ ಮೊದಲ ತಿಂಗಳಲ್ಲೇ ಹೋಗಿ ಸೇರಿಕೊಳ್ಳಬೇಕು. ಪ್ರಬಂಧದ ವಿಷಯವನ್ನೂ ಕೇಂದ್ರದಲ್ಲಿ ನಡೆಯುತ್ತಿರುವ ಕೆಲಸಕ್ಕೆ ಹತ್ತಿರದ್ದೇ ಆರಿಸಿಕೊಂಡರೆ ಒಂದೇ ಓದು ಎರಡು ಕಡೆ ಉಪಯೋಗಕ್ಕೆ ಬರುತ್ತದೆ. ಇಂಗ್ಲಿಷ್ ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಬೇಕು. ವರದಿ, ಲೇಖನ ಓದಲು ಬೇಕು, ಬರೆಯಲೂ ಬೇಕು. ಅದು ಎರಡು ವರ್ಷದ ಅಭ್ಯಾಸದಿಂದ ಬರುತ್ತದೆ, ನಾನು ನೋಡಿದ್ದೇನೆ. 'ಮನಿ ಮಂದಿ' ಎಂದರೆ ಯಾರು ಎಂಬುದು ಎರಡು ವರ್ಷದಲ್ಲಿ ಬರುವುದಿಲ್ಲ.

ಈಗಿನಿಂದಲೇ ಮಾಡಬಹುದಾದ ಒಂದು ಕೆಲಸ ಇದೆ. ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ನಿಮ್ಮ ಜಿಲ್ಲೆಯ ಕೋರ್ಟುಗಳ ತೀರ್ಪುಗಳು ಸಿಗುತ್ತವೆ. ಚೆಕ್ ಬೌನ್ಸ್ ಪ್ರಕರಣಗಳನ್ನು ಆರಿಸಿಕೊಳ್ಳಲಿ, ಅವು ಬೇಕಾದಷ್ಟಿವೆ. ದೂರು ದಾಖಲಾದ ಆರು ತಿಂಗಳೊಳಗೆ ವಿಚಾರಣೆ ಮುಗಿಸಲು ಪ್ರಯತ್ನಿಸಬೇಕು ಎಂದು ಚೆಕ್ ಬೌನ್ಸ್‌ಗೆ ಸಂಬಂಧಿಸಿದ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 143ನೇ ಕಲಂ ಹೇಳುತ್ತದೆ. ಇಪ್ಪತ್ತು ತೀರ್ಪು ತೆಗೆದುಕೊಂಡು ಪ್ರತಿಯೊಂದರ 16 ಅಕ್ಷರದ ಸಿಎನ್‌ಆರ್ ನಂಬರ್, ಅಂದರೆ ಪ್ರಕರಣದ ಗುರುತಿನ ಸಂಖ್ಯೆ, ಬರೆದಿಟ್ಟುಕೊಳ್ಳಲಿ. ದೂರು ಹಾಕಿದ ದಿನ, ಸಮನ್ಸ್ ಮುಟ್ಟಿದ ದಿನ, ತೀರ್ಪಿನ ದಿನ ಗುರುತು ಹಾಕಲಿ. ಎಲ್ಲಿ ಜಾಸ್ತಿ ತಡವಾಗಿದೆ? ಸಮನ್ಸ್ ಮುಟ್ಟಿಸುವುದರಲ್ಲೋ, ಪಾಟಿ ಸವಾಲಿನಲ್ಲೋ? ಕಂಡದ್ದನ್ನು ಎರಡು ಪುಟ ಬರೆಯಲಿ. ಅಂಕಿ ಕಡಿಮೆ ಇದೆ ಎಂದು ಸಂಕೋಚ ಬೇಡ, ಇಪ್ಪತ್ತೇ ಓದಿದ್ದೇನೆ ಎಂದು ನೇರವಾಗಿ ಹೇಳಿಕೊಳ್ಳಲಿ.

ಆ ಎರಡು ಪುಟವನ್ನು ಒಂದು ಚಿಕ್ಕ ಪತ್ರದ ಜೊತೆ ಎರಡೂ ಕಡೆಯ ಕೇಂದ್ರಗಳಿಗೆ ಕಳಿಸಲಿ. ಅಂಕಪಟ್ಟಿ ಆಮೇಲೆ ಬರಲಿ. ಜಿಲ್ಲಾ ಕೋರ್ಟಿನ ಕನ್ನಡ ಕಡತ ಓದಬಲ್ಲೆ, ಸಾಕ್ಷಿ ಹೇಳಿಕೆಯ ಸಾರವನ್ನು ಎರಡೂ ಭಾಷೆಯಲ್ಲಿ ಬರೆಯಬಲ್ಲೆ ಎಂಬುದನ್ನು ಪತ್ರದ ಮೊದಲ ಸಾಲಿನಲ್ಲೇ ಬರೆಯಲಿ. ಫೀಸು ಕಟ್ಟುವ ಕೊನೆಯ ದಿನಕ್ಕೆ ಮೂರು ವಾರ ಮುಂಚೆ ಕಳಿಸಿದರೆ, ಯಾರು ಆ ಪುಟಗಳನ್ನು ಓದಿ ಉತ್ತರ ಬರೆದರು ಎಂದು ನೋಡಿಕೊಂಡು ನೀವು ತೀರ್ಮಾನ ಮಾಡಬಹುದು.